ಯಾತಯಾಮವೂ ತಂಗಳ ಪೆಟ್ಟಿಗೆಯೂ

ಶ್ರೀಮದ್ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಆಹಾರದ ತ್ರೈವಿಧ್ಯವನ್ನು ನಿರೂಪಿಸುವಾಗ ತಾಮಸಾಹಾರದ ಲಕ್ಷಣಗಳಲ್ಲಿ ‘ಯಾತಯಾಮ’, ‘ಪರ್ಯುಷಿತ’ ಎಂಬ ಎರಡು ಪದಗಳು ಬರುತ್ತವೆ. ಯಾಮವೆಂದರೆ ಅಹೋರಾತ್ರದ ಎಂಟನೆಯ ಒಂದು ಭಾಗ, ಅಂದರೆ ಮೂರು ಗಂಟೆ. ಬೇಯಿಸಿದ ಮೇಲೆ ಅಷ್ಟು ಕಾಲ ಕಳೆದದ್ದು ಯಾತಯಾಮ. ರಾತ್ರಿ ಕಳೆದದ್ದು ಪರ್ಯುಷಿತ, ನಮ್ಮ ಮನೆಮಾತಿನಲ್ಲಿ ತಂಗಳು. ಫ್ರಿಜ್ಜಿಗೆ ‘ತಂಗಳ ಪೆಟ್ಟಿಗೆ’ ಎಂದವರು ವಿನೋದಕ್ಕೆ ಹಾಗೆಂದಿದ್ದರೂ ಅರ್ಥವನ್ನು ಸರಿಯಾಗಿಯೇ ಹಿಡಿದಿದ್ದಾರೆ.

ಪಾಠ ಮುಗಿದ ಮೇಲೆ ಈ ಪದಗಳ ಕುರಿತು ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಫ್ರಿಜ್ಜಿನಲ್ಲಿಟ್ಟರೆ ದೋಷವಿಲ್ಲವಲ್ಲ?” ದೇವರ ನೈವೇದ್ಯಕ್ಕೆ ಅಂದಂದಿನ ಪಾಕವೇ ಆಗಬೇಕೆಂಬಲ್ಲಿ ವಿಕಲ್ಪವಿಲ್ಲ, ಅದು ಇಲ್ಲಿಯ ವಿಷಯವೂ ಅಲ್ಲ. ನಾವು ವಿಚಾರಿಸುವುದು ಮನೆಯವರ ಊಟವನ್ನು ಮಾತ್ರ. ದಂಪತಿಗಳಿಬ್ಬರೂ ಬೆಳಗ್ಗೆ ಲೋಕಲ್ ಹಿಡಿಯುವ ಮನೆಗಳಲ್ಲಿ, ಮಕ್ಕಳು ಪರದೇಶಕ್ಕೆ ಹೋಗಿ ವೃದ್ಧರಿಬ್ಬರೇ ಉಳಿದ ದಾದರಿನ ಫ್ಲಾಟುಗಳಲ್ಲಿ ಒಮ್ಮೆ ಮಾಡಿದ ಹುಳಿ ಎರಡು ಮೂರು ದಿನ ಬರುವುದುಂಟು. ಅಂಥವರಿಗೆ ನಿಷೇಧವನ್ನಷ್ಟೇ ಓದಿ ಹೇಳಿ ಸುಮ್ಮನಾಗುವುದು ಪಾಂಡಿತ್ಯವಾದೀತು, ಉಪಕಾರವಾಗದು.

ಶೈತ್ಯವು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ. ಅವುಗಳ ವೃದ್ಧಿಯನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಆದ್ದರಿಂದ ಒಳಗಿಡುವ ಮೊದಲು ಹೊರಗೆ ಕಳೆದ ಕಾಲವನ್ನು ಯಾವ ಯಂತ್ರವೂ ಹಿಂದಿರುಗಿಸದು. ಇದಕ್ಕೆ ಅನ್ನವೇ ಮುಖ್ಯ ದೃಷ್ಟಾಂತ. ಅಕ್ಕಿಯಲ್ಲಿ ‘ಬ್ಯಾಸಿಲಸ್ ಸೀರಿಯಸ್’ ಎಂಬ ಜೀವಿಯ ಬೀಜಾಣುಗಳು ಇರಬಹುದು. ಕುದಿಯುವ ನೀರಿಗೂ ಅವು ಸಾಯುವುದಿಲ್ಲ. ಅನ್ನವು 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೆ ಕುಳಿತಿರುವಾಗ ಮೊಳೆತು, ಬೆಳೆದು, ವಾಂತಿ ತರಿಸುವ ಒಂದು ವಿಷವನ್ನು ಉಂಟುಮಾಡುತ್ತವೆ. ಆ ವಿಷವು ಮತ್ತೆ ಕಾಯಿಸಿದರೂ ನಾಶವಾಗದು. ಮಧ್ಯಾಹ್ನದ ಅನ್ನವನ್ನು ಪಾತ್ರೆಯಲ್ಲೇ ಸಂಜೆಯ ತನಕ ಬಿಟ್ಟು, ರಾತ್ರಿ ಫ್ರಿಜ್ಜಿಗೆ ಸೇರಿಸಿ, ಮರುದಿನ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ನಮ್ಮ ಮನೆಗಳ ಪದ್ಧತಿ ಅಪಾಯದ್ದಾಗುವುದು ಇಲ್ಲಿಯೇ. ವಾಸನೆ ನೋಡಿ ತಿಳಿಯುತ್ತದೆಂಬ ಭರವಸೆಯೂ ಸಲ್ಲದು. ಪ್ರಾಯದವರಿಗೆ ಒಂದು ದಿನದ ಉಪದ್ರವವಾಗಿ ಕಳೆಯುವುದು ವೃದ್ಧರಿಗೂ ಶಿಶುಗಳಿಗೂ ನಿರ್ಜಲೀಕರಣದಿಂದ ಆಸ್ಪತ್ರೆಯ ಪ್ರಸಂಗವಾಗಬಲ್ಲದು.

ಆಧುನಿಕರು ವಿಧಿಸುವ ಮಿತಿ ಎರಡು ಗಂಟೆ. ಹವೆ 32 ಡಿಗ್ರಿ ದಾಟಿದಾಗ ಒಂದೇ ಗಂಟೆ. ಮುಂಬಯಿಯ ಮೇ ತಿಂಗಳಿಗೆ ಎರಡನೆಯದೇ ಅನ್ವಯ. ಯಾಮದ ಮೂರು ಗಂಟೆಗೆ ಇದು ಸಮೀಪವೆಂದು ಪೂರ್ವಿಕರು ಸೂಕ್ಷ್ಮಜೀವಿಗಳನ್ನು ಕಂಡಿದ್ದರೆಂದು ಸಾರುವ ಉತ್ಸಾಹ ನಮಗಿಲ್ಲ. ಅವರು ಅನ್ನವನ್ನು ಗಮನಿಸಿದ್ದರು, ಅಷ್ಟು ಸಾಕು. ಮನುಸ್ಮೃತಿಯ 5ನೆಯ ಅಧ್ಯಾಯವಂತೂ ಎಲ್ಲ ತಂಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ: ತುಪ್ಪ ಎಣ್ಣೆಗಳಿಂದ ಕೂಡಿದ ಭಕ್ಷ್ಯಗಳಿಗೆ ವಿನಾಯಿತಿಯುಂಟು, ಹುಳಿತದ್ದನ್ನು ನಿಷೇಧಿಸುವಾಗ ಮೊಸರನ್ನು ಹೊರತುಪಡಿಸಿದೆ. ಕರಿದ ಚಕ್ಕುಲಿಯಲ್ಲಿ ಜಲಾಂಶ ಕಡಿಮೆ, ಮೊಸರಿನಲ್ಲಿ ಆಮ್ಲ ಹೆಚ್ಚು. ಎರಡೂ ಕೆಡಲು ತಡವಾಗುವುದಕ್ಕೆ ಇದೇ ಕಾರಣ. ತೊವ್ವೆ, ತೆಂಗಿನ ಚಟ್ನಿ, ಕೋಸಂಬರಿಗಳಿಗೆ ಈ ರಕ್ಷೆಯಿಲ್ಲ. ಕೋಸಂಬರಿಯನ್ನು ಉಳಿಸಲೇ ಬಾರದು.

ಇನ್ನು ಯಂತ್ರದ ಸ್ಥಾಪನೆ. ವಿಖ್ರೋಳಿಯಲ್ಲಿ ನೆಲೆಯಿರುವ ಗೋದ್ರೇಜ್ ಕಂಪೆನಿ 1958ರಲ್ಲಿ ಭಾರತದಲ್ಲೇ ತಯಾರಾದ ಮೊದಲ ಫ್ರಿಜ್ಜನ್ನು ಹೊರತಂದಿತು. ಇಂದು ನಮ್ಮ ನಡುವೆ ಅದಿಲ್ಲದ ಮನೆ ಅಪರೂಪ. ಆದರೂ ಅದನ್ನು ಒಲೆಯ ಪಕ್ಕಕ್ಕೆ ಒತ್ತಿ, ಹಿಂದೆ ಗೋಡೆಗೆ ತಾಗಿಸಿ ಇಡುವವರೇ ಬಹಳ. ಇಕ್ಕಟ್ಟಿನ ಅಡಿಗೆಮನೆಯಲ್ಲಿ ಬೇರೆ ದಾರಿಯಿಲ್ಲವೆಂಬುದು ನಿಜ. ಆದರೆ ಒಳಗಿನ ಉಷ್ಣವನ್ನು ಹೊರಹಾಕುವುದೇ ಅದರ ಕಾರ್ಯವಾದ್ದರಿಂದ ಹಿಂದೆಯೂ ಪಕ್ಕದಲ್ಲಿಯೂ ನಾಲ್ಕು ಬೆರಳಷ್ಟಾದರೂ ಎಡೆ ಬೇಕು. ಅಡಿಗೆಮನೆಯಲ್ಲಿ ಎಡೆಯಿಲ್ಲದಿದ್ದರೆ ಹಜಾರದಲ್ಲಿಡುವುದು ಲೇಸು. ಸಾಗಿಸುವಾಗ ಮಲಗಿಸಿದ್ದರೆ ನಿಲ್ಲಿಸಿ ಹಲವು ಗಂಟೆ ಕಾದ ಮೇಲೆಯೇ ವಿದ್ಯುತ್ತನ್ನು ಕೊಡಬೇಕು, ಕಂಪ್ರೆಸರಿನ ಎಣ್ಣೆ ಸ್ವಸ್ಥಾನಕ್ಕೆ ಇಳಿಯಲಿ. ಭೂಸಂಪರ್ಕವಿರುವ ಮೂರು ಪಿನ್ನಿನ ಪ್ಲಗ್ಗು ಅವಶ್ಯ. ಬರಿದಾಗಿಯೇ ಓಡಿಸಿ, ಚೆನ್ನಾಗಿ ತಣ್ಣಗಾದ ಮೇಲೆ ಪದಾರ್ಥಗಳನ್ನು ತುಂಬತಕ್ಕದ್ದು.

ತಿರುಗುಗುಂಡಿಯ ಮೇಲಿನ ಅಂಕಿಗಳು ಡಿಗ್ರಿಗಳಲ್ಲ. ಅಂಕಿ ಏರಿದಷ್ಟೂ ಶೈತ್ಯ ಹೆಚ್ಚೆಂದು ಸಾಮಾನ್ಯವಾಗಿ ತಿಳಿಯಬೇಕು. ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು ನಡುವಿನ ಹಲಗೆಯ ಮೇಲೆ ರಾತ್ರಿಯಿಡೀ ಬಿಟ್ಟರೆ ನಿಜಸ್ಥಿತಿ ತಿಳಿಯುತ್ತದೆ: 5 ಡಿಗ್ರಿಗಿಂತ ಕೆಳಗಿರಬೇಕು. ಈ ಒಂದು ಪರೀಕ್ಷೆಯನ್ನು ಓದುಗರು ದಯವಿಟ್ಟು ಮಾಡಿ ನೋಡಬೇಕೆಂದು ನಮ್ಮ ವಿಜ್ಞಾಪನೆ. ಬಾಗಿಲಿನ ರಬ್ಬರಿನ ನಡುವೆ ನೋಟೊಂದನ್ನು ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ರಬ್ಬರು ಸಡಿಲವೆಂದರ್ಥ. ಮಳೆಗಾಲದ ತೇವದ ಗಾಳಿ ಅಲ್ಲಿಂದಲೇ ಒಳನುಗ್ಗುತ್ತದೆ.

ಬಾಗಿಲಿನ ಗೂಡುಗಳು ಎಲ್ಲಕ್ಕಿಂತ ಬೆಚ್ಚಗಿನ ಸ್ಥಳ. ಹಾಲನ್ನು ಅಲ್ಲಿಡದೆ ಒಳಗೆ, ಹಿಂಬದಿಗೆ ಇಡಬೇಕು. ಉಳಿದ ಅನ್ನವನ್ನು ಅಗಲವಾದ ಪರಾತದಲ್ಲಿ ತೆಳ್ಳಗೆ ಹರಡಿ, ಹುಳಿಯ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು, ಬೇಗ ಆರಿಸಿ, ಚಿಕ್ಕ ಪಾತ್ರೆಗಳಿಗೆ ಹಂಚಿ ಮುಚ್ಚಿಡುವುದು ಕ್ರಮ. ದೊಡ್ಡ ಪಾತ್ರೆಯ ನಡುಭಾಗವು ಫ್ರಿಜ್ಜಿನೊಳಗೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅನ್ನವನ್ನು ಮರುದಿನದೊಳಗೆ, ಹುಳಿ ಪಲ್ಯಗಳನ್ನು ಹೆಚ್ಚೆಂದರೆ ಮೂರು ದಿನದೊಳಗೆ ಮುಗಿಸಬೇಕು. ಬೇಕಾದಷ್ಟನ್ನೇ ತೆಗೆದು, ಹೊಗೆಯಾಡುವಂತೆ ಒಮ್ಮೆ ಮಾತ್ರ ಕಾಯಿಸಬೇಕು. ದಾದರ್ ಮಾರುಕಟ್ಟೆಯಿಂದ ತಂದ ಸೊಪ್ಪನ್ನು ಒದ್ದೆಯಾಗಿ ತುರುಕದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಳಸುವಾಗ ತೊಳೆಯಬೇಕು. ಆಲೂಗಡ್ಡೆಗೆ ಫ್ರಿಜ್ಜು ಬೇಡ. ಶೈತ್ಯದಲ್ಲಿ ಅದರ ಪಿಷ್ಟವು ಸಕ್ಕರೆಯಾಗುತ್ತದೆ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ.

ರೈಲ್ವೆಯ ಪಾರ್ಸೆಲ್ ಕಚೇರಿಗಳಲ್ಲಿ ಹಣ್ಣು ತರಕಾರಿಗಳಂಥವಕ್ಕೆ ‘ಪೆರಿಷಬಲ್ಸ್’ ಎಂಬ ವರ್ಗವೇ ಉಂಟು. ಅವುಗಳ ವಿಷಯದಲ್ಲಿ ಮುಖ್ಯ ಪ್ರಶ್ನೆ, ಎಷ್ಟು ಹೊತ್ತಿನಿಂದ ಕಾಯುತ್ತಿವೆ ಎಂಬುದು. ಶ್ರಾವಣದಲ್ಲಿ ಶ್ರೀರಾಘವೇಂದ್ರ ಗುರುಗಳ ಆರಾಧನೆಯ ಪ್ರಸಾದವನ್ನು ಡಬ್ಬಿಯಲ್ಲಿ ಮನೆಗೆ ಒಯ್ಯುವವರೂ ಅದನ್ನೇ ಕೇಳಿಕೊಳ್ಳಬೇಕು. ಬೆಲ್ಲ ತುಪ್ಪಗಳಿಂದ ಗಟ್ಟಿಯಾದ ಹಯಗ್ರೀವ ಸ್ವಲ್ಪ ತಡೆದೀತು, ಪುಳಿಯೋಗರೆಗೆ ಹುಣಿಸೆಯ ಆಮ್ಲದ ಆಸರೆಯುಂಟು, ಮೊಸರನ್ನವಾದರೂ ಅನ್ನವೇ. ಪ್ರಸಾದವನ್ನು ಎಸೆಯಬಾರದೆಂದು ಮೂರನೆಯ ದಿನ ಅದನ್ನು ತಿನ್ನುವುದಕ್ಕಿಂತ ಉಣ್ಣುವಷ್ಟನ್ನೇ ಸ್ವೀಕರಿಸಿ, ಅಂದೇ ನೆರೆಹೊರೆಗೆ ಹಂಚುವುದು ಗೌರವ.

2020ರ ಅಕ್ಟೋಬರ್ 12ರಂದು ವಿದ್ಯುಜ್ಜಾಲ ಕುಸಿದು ಲೋಕಲುಗಳೂ ನಿಂತದ್ದು ಎಲ್ಲರಿಗೂ ನೆನಪಿದೆ. ಅಂಥ ಸಮಯದಲ್ಲಿ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ಶೈತ್ಯ ನಿಲ್ಲುತ್ತದೆ. ಯಾತ್ರೆಗೆ ಹೋಗುವವರು ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯವನ್ನಿಟ್ಟು ಹೋಗಬಹುದು. ಮರಳಿದಾಗ ನಾಣ್ಯವು ತಳದಲ್ಲಿದ್ದರೆ ನಡುವೆ ಎಲ್ಲವೂ ಕರಗಿತ್ತೆಂದು ತಿಳಿದು ಒಳಗಿನದನ್ನು ತ್ಯಜಿಸಬೇಕು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರಂಥ ದಿನ ಬಂದು, ನೆರೆನೀರು ಫ್ರಿಜ್ಜನ್ನು ಮುಟ್ಟಿದರೆ ಒಳಗಿನ ಆಹಾರವನ್ನೆಲ್ಲ ಎಸೆಯತಕ್ಕದ್ದು. ಯಂತ್ರವನ್ನು ಬಲ್ಲವನು ಬಂದು ಪರೀಕ್ಷಿಸುವ ತನಕ ಪ್ಲಗ್ಗಿಗೆ ಕೈಹಚ್ಚಕೂಡದು.