ಹೊಂಗೆ ಎಣ್ಣೆಯೂ ಪಿಂಗಾಣಿ ಲೇಪನದ ಎಂಜಿನ್ನೂ

1967ರಲ್ಲಿ ಮಸ್ಕತ್ತಿನ ಮಿನಾ ಅಲ್ ಫಹಲ್‌ನಿಂದ ಒಮಾನಿನ ಮೊದಲ ಕಚ್ಚಾತೈಲ ಹಡಗು ಹೊರಟಿತು. ಆ ತೈಲದ ನೆಲದಲ್ಲಿ ಅನ್ನ ಕಂಡ ನಾವು ಊರಿನ ಹೊಂಗೆಯನ್ನು ಮರೆಯಬಾರದು.

ಹೊಂಗೆ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ; ಹಾಗೇ ಸುರಿದರೆ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಮೆಥನಾಲ್, ಕ್ಷಾರ ಬೆರೆಸಿ ಗ್ಲಿಸರಿನ್ ಬೇರ್ಪಡಿಸಿದರೆ ತೆಳುವಾದ ಬಯೋಡೀಸೆಲ್ ಸಿಗುತ್ತದೆ.

ಇಂಧನದ ಶಾಖದಲ್ಲಿ ದೊಡ್ಡ ಪಾಲು ತಣಿಸುವ ನೀರಿಗೆ ಹೋಗಿ ವ್ಯರ್ಥವಾಗುತ್ತದೆ. ಪಿಸ್ಟನ್ ತಲೆಗೆ ಜಿರ್ಕೋನಿಯಾ ಎಂಬ ಪಿಂಗಾಣಿಯ ತೆಳು ಲೇಪನ ಕೊಟ್ಟರೆ, ಮಣ್ಣಿನ ಮಡಕೆಯ ಸಾರು ಬೇಗ ಆರದ ಹಾಗೆ, ಶಾಖ ಒಳಗೇ ಉಳಿದು ಬಯೋಡೀಸೆಲ್ ಚೆನ್ನಾಗಿ ಉರಿಯುತ್ತದೆ. ಆದರೆ ಶಾಖ ಏರಿದಂತೆ ನೈಟ್ರೋಜನ್ ಆಕ್ಸೈಡ್ ಹೆಚ್ಚುವುದೂ ನಿಜ. ಅದಕ್ಕೂ ಪರಿಹಾರ ಬೇಕು.

ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ರೈತರಿಗೆ ಬದುವಿನಲ್ಲಿ ಹೊಂಗೆ ನೆಡಲು ಕಲಿಸಿದೆ. ರಜೆಗೆ ಹೋದಾಗ ನಾವೂ ಮಕ್ಕಳ ಕೈಯಲ್ಲಿ ಒಂದು ಸಸಿ ನೆಡಿಸೋಣ.