ಕೇಳುವವರ ಸುತ್ತ ಮೌನ: ರೇಡಿಯೋ ಹಂಚಿಕೆ ಕುರಿತ ಒಂದು ಪೂರಕ ಪಾಠ

ತರಗತಿ: 9
ಘಟಕ: ಶಬ್ದ (ಪೂರಕ ಚಟುವಟಿಕೆ)
ಸ್ಥಳ: ಕೊಳಕೂರ, ಜೇವರ್ಗಿ ತಾಲ್ಲೂಕು
ಸಾಮಗ್ರಿ: ಪಠ್ಯಪುಸ್ತಕ, ಸೀಮೆಸುಣ್ಣ, ಗಡಿಯಾರ

ಉದ್ದೇಶ: ಒಂದೇ ಮಾಧ್ಯಮವನ್ನು ಹಲವರು ಅಡ್ಡಿಯಿಲ್ಲದೆ ಹಂಚಿಕೊಳ್ಳುವ ಬಗೆಯನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವರು.

ವಿಷಯ ಹಿನ್ನೆಲೆ
ಒಂದು ಎಫ್.ಎಂ. ಕೇಂದ್ರಕ್ಕೆ ಸುಮಾರು 200 ಕಿಲೋಹರ್ಟ್ಸ್ ಅಗಲದ ಆವರ್ತನ ಪಟ್ಟಿ ಸಾಕು. ಅಲ್ಟ್ರಾ-ವೈಡ್‌ಬ್ಯಾಂಡ್ ಸಂಕೇತ ಸಾಮಾನ್ಯವಾಗಿ 500 ಮೆಗಾಹರ್ಟ್ಸ್ ಅಥವಾ ಅದಕ್ಕೂ ಅಗಲ, ಅಂದರೆ 2500 ಪಟ್ಟು. ಅಮೆರಿಕವು 2002ರಲ್ಲಿ ಇದಕ್ಕೆ 3.1ರಿಂದ 10.6 ಗಿಗಾಹರ್ಟ್ಸ್ ಶ್ರೇಣಿಯನ್ನು ತೆರೆಯಿತು. ಆದರೆ ಇತರ ಉಪಕರಣಗಳಿಗೆ ತೊಂದರೆಯಾಗದಂತೆ ಶಕ್ತಿ ಬಹಳ ಕ್ಷೀಣವಾಗಿರಬೇಕು. ಅಡ್ ಹಾಕ್ ಜಾಲದಲ್ಲಿ ಗೋಪುರವಿಲ್ಲ, ಮುಖ್ಯಸ್ಥನಿಲ್ಲ. ಉಪಕರಣಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಯಾರು, ಯಾವಾಗ, ಎಷ್ಟು ಶಕ್ತಿಯಲ್ಲಿ, ಎಷ್ಟು ವೇಗದಲ್ಲಿ ಕಳಿಸಬೇಕು? ಈ ತೀರ್ಮಾನವೇ ಸಂಪನ್ಮೂಲ ಹಂಚಿಕೆ.

ಚಟುವಟಿಕೆ
ಅಂಗಳದಲ್ಲಿ ಆರು ಜೋಡಿಗಳನ್ನು ನಿಲ್ಲಿಸಿದೆ. ಪ್ರತಿ ಜೋಡಿಯಲ್ಲಿ ಒಬ್ಬರು ಒಂದು ನಿಮಿಷ ಓದಬೇಕು, ಇನ್ನೊಬ್ಬರು ಕೇಳಿ ಬರೆಯಬೇಕು.

ಹಂತ 1: ಎಲ್ಲರೂ ಒಟ್ಟಿಗೆ ಓದಿದರು. ಹೆಚ್ಚಿನವರ ಹಾಳೆಯಲ್ಲಿ ಅರ್ಧ ವಾಕ್ಯಗಳು.
ಹಂತ 2: ಸರದಿಯಂತೆ ಓದಿದರು. ಎಲ್ಲರಿಗೂ ಕೇಳಿಸಿತು, ಆದರೆ ಆರು ನಿಮಿಷ ಬೇಕಾಯಿತು.
ಹಂತ 3: "ಎಲ್ಲರೂ ಮೆಲ್ಲಗೆ ಓದಿ" ಎಂದೆ. ದೂರ ನಿಂತ ಜೋಡಿಗೆ ಏನೂ ಕೇಳಿಸಲಿಲ್ಲ.

ನನ್ನ ಪಾಠಯೋಜನೆ ಇಲ್ಲಿಗೆ ಮುಗಿದಿತ್ತು. ಸರದಿಯೇ ಸರಿಯಾದ ಉತ್ತರವೆಂದು ಬರೆದುಕೊಂಡಿದ್ದೆ. ಆಗ ಒಬ್ಬ ಹುಡುಗಿ ಹೇಳಿದಳು: "ಸರ್, ನಾ ಎಷ್ಟು ಜೋರ್ ಓದಿದ್ರೂ ಆಕಿಗಿ ಕೇಳವಲ್ದರಿ. ಆಕಿ ಬಾಜೂನೇ ಇನ್ನೊಬ್ರು ಓದ್ಲಕತ್ತಾರ್ರಿ."

ತೊಂದರೆ ಓದುವವಳ ಬಳಿ ಇರಲಿಲ್ಲ, ಕೇಳುವವಳ ಬಳಿ ಇತ್ತು. ಪ್ರತಿ ಕೇಳುಗರ ಸುತ್ತ ಸೀಮೆಸುಣ್ಣದಿಂದ ವೃತ್ತ ಎಳೆದೆವು. ಕೇಳುಗರು ಕೈ ಎತ್ತಿದಾಗ, ಆ ವೃತ್ತದೊಳಗಿನ ಬೇರೆ ಓದುಗರು ಸುಮ್ಮನಿರಬೇಕು; ಹೊರಗಿನವರು ಪೂರ್ಣ ದನಿಯಲ್ಲಿ ಓದಬಹುದು. ದೂರದ ಜೋಡಿ ನಿಧಾನವಾಗಿ, ಬಿಡಿಸಿ ಓದಲಿ. ಎರಡೇ ಸುತ್ತಿನಲ್ಲಿ ಆರೂ ಜೋಡಿ ಮುಗಿಸಿದವು. ಯಾರು ಮೊದಲು ಎಂಬುದನ್ನು ಮಕ್ಕಳೇ ತೀರ್ಮಾನಿಸಿಕೊಂಡರು.

ವಿಷಯದೊಂದಿಗೆ ಸಂಬಂಧ
ಸ್ವಿಟ್ಜರ್ಲೆಂಡಿನ ಲೋಸಾನ್‌ನ ಸಂಶೋಧಕರು 2004ರಲ್ಲಿ ಇಂಥ ಜಾಲಗಳ ಬಗ್ಗೆ ಪ್ರಕಟಿಸಿದ ಫಲಿತಾಂಶವೂ ಇದೇ ಬಗೆಯದು. ಕಳಿಸುವಾಗ ಅನುಮತಿಸಿದ ಪೂರ್ಣ ಶಕ್ತಿಯಲ್ಲೇ ಕಳಿಸಬೇಕು. ಸ್ವೀಕರಿಸುವ ಉಪಕರಣದ ಸುತ್ತ ಒಂದು ನಿಷೇಧ ವಲಯ ಇರಬೇಕು. ಅದರ ಹೊರಗಿನವರು ಏಕಕಾಲಕ್ಕೆ ಕಳಿಸಬಹುದು. ಉಳಿದ ಅಡ್ಡಿಗೆ ತಕ್ಕಂತೆ ವೇಗವನ್ನು ಹೊಂದಿಸಿಕೊಳ್ಳಬೇಕು.

ಎಚ್ಚರಿಕೆ: ಇದು ಹೋಲಿಕೆ ಮಾತ್ರ. ಶಬ್ದಕ್ಕೆ ಮಾಧ್ಯಮ ಬೇಕು. ರೇಡಿಯೋ ತರಂಗ ನಿರ್ವಾತದಲ್ಲೂ ಚಲಿಸುತ್ತದೆ. ಇದನ್ನು ಪಾಠದ ಕೊನೆಗೆ ಸ್ಪಷ್ಟಪಡಿಸದಿದ್ದರೆ ತಪ್ಪು ಕಲ್ಪನೆ ಉಳಿಯುತ್ತದೆ.

ಮೌಲ್ಯಮಾಪನ
1. ಹಂತ 2ರಲ್ಲಿ ಸಮಯ ಎಲ್ಲಿ ವ್ಯರ್ಥವಾಯಿತು?
2. ವೃತ್ತವನ್ನು ಓದುವವರ ಸುತ್ತ ಏಕೆ ಎಳೆಯಲಿಲ್ಲ?
3. ವೃತ್ತ ತೀರಾ ದೊಡ್ಡದಾದರೆ ಏನಾಗುತ್ತದೆ?

ಆತ್ಮಾವಲೋಕನ
ತರಗತಿಯಲ್ಲಿ ಗದ್ದಲವಾದಾಗ ನಾನು ಇದುವರೆಗೆ ಮಾತಾಡುವವರನ್ನೇ ನೋಡುತ್ತಿದ್ದೆ. ಯಾರಿಗೆ ಕೇಳಿಸುತ್ತಿಲ್ಲ ಎಂದು ನೋಡಿರಲಿಲ್ಲ. ಮುಂದಿನ ಪಾಠಯೋಜನೆಯಲ್ಲಿ ಮೂರನೇ ಹಂತದ ನಂತರ ಐದು ನಿಮಿಷ ಖಾಲಿ ಬಿಡುತ್ತೇನೆ. ಆ ಸಮಯ ಮಕ್ಕಳ ಮಾತಿಗೆ.