ಮೋಡ ಸೇರಿದ ಖಾತೆಪುಸ್ತಕ

ಕಲಬುರಗಿ ತೊಗರಿಯ ನಾಡು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಬೇಳೆಯ ವ್ಯಾಪಾರಿಗೆ ಬಂಡವಾಳದಷ್ಟೇ ಮುಖ್ಯವಾದುದು ಲೆಕ್ಕ. ಹಿಂದೆ ಅದು ಖಾತೆಪುಸ್ತಕದಲ್ಲಿತ್ತು. ಅನಂತರ ಗಣಕಯಂತ್ರವನ್ನು ಸೇರಿತು.

ಗಣಕಯಂತ್ರವು ತಾನಾಗಿ ಲೆಕ್ಕ ಬಿಡಿಸಲಾರದು. ಅದಕ್ಕೆ ಕೆಲಸವನ್ನು ಹೇಳಿಕೊಡುವ ಆದೇಶಗಳ ಸಮೂಹವೇ ತಂತ್ರಾಂಶ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಯ ‘ಟ್ಯಾಲಿ’ ಇಂತಹ ತಂತ್ರಾಂಶ. ವ್ಯಾಪಾರಿಯು ಒಮ್ಮೆ ಹಣ ತೆತ್ತು ಪರವಾನಗಿ ಪಡೆದರೆ ಅದನ್ನು ತನ್ನ ಯಂತ್ರದಲ್ಲಿ ವರ್ಷಗಟ್ಟಲೆ ಬಳಸಬಹುದಿತ್ತು. ಮಾರಿದವರಿಗೆ ಆದಾಯವೂ ಒಮ್ಮೆ ಮಾತ್ರ.

ಅಂತರಜಾಲವು ಈ ಪದ್ಧತಿಯನ್ನು ಬದಲಿಸಿತು. ತಂತ್ರಾಂಶವು ‘ಮೋಡ’ವನ್ನು ಸೇರಿತು. ಇದು ಆಕಾಶದ ಮೋಡವಲ್ಲ. ದೂರದ ಕಟ್ಟಡಗಳಲ್ಲಿ ಹಗಲಿರುಳು ದುಡಿಯುವ ಸಾವಿರಾರು ಗಣಕಯಂತ್ರಗಳ ಸಮೂಹ. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಸಂಸ್ಥೆಯು ತಂತ್ರಾಂಶವನ್ನು ಮಾರದೆ, ಅಂತರಜಾಲದ ಮೂಲಕ ಚಂದಾ ಪಡೆದು ಒದಗಿಸಿತು. 2013ರಲ್ಲಿ ಅಡೋಬಿ ಸಂಸ್ಥೆಯೂ ತನ್ನ ಚಿತ್ರರಚನೆಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ಒಳಪಡಿಸಿತು. ಟ್ಯಾಲಿಯಾದರೋ ಶಾಶ್ವತ ಪರವಾನಗಿಯನ್ನು ಕೈಬಿಡದೆ, ಬಾಡಿಗೆಯ ಪದ್ಧತಿಯನ್ನೂ ಮೋಡದಲ್ಲಿ ಬಳಸುವ ಸೌಲಭ್ಯವನ್ನೂ ಅದರ ಜೊತೆಗೆ ಸೇರಿಸಿತು.

ಈ ಬದಲಾವಣೆ ಸುಲಭವಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದುದು. ಅಲ್ಲಿ ಒಬ್ಬನು ತೋಟವನ್ನು ಮಾರಿದರೆ ದೊಡ್ಡ ಮೊತ್ತ ಒಮ್ಮೆಗೇ ಕೈಸೇರುತ್ತದೆ. ಲಾವಣಿಗೆ ಕೊಟ್ಟರೆ ಸಣ್ಣ ಮೊತ್ತ ವರ್ಷವರ್ಷವೂ ಬರುತ್ತದೆ. ಆದರೆ ಬಾವಿ ಬತ್ತಿದರೆ ಲಾವಣಿದಾರನು ಮರುವರ್ಷ ಬಾರನು. ತಂತ್ರಾಂಶದ ಸಂಸ್ಥೆಯ ಸ್ಥಿತಿಯೂ ಇದೇ. ಮೊದಲ ವರ್ಷಗಳಲ್ಲಿ ಅದರ ಆದಾಯ ಕುಗ್ಗಬಹುದು. ಯಂತ್ರಗಳ ವೆಚ್ಚ ಮಾತ್ರ ನಿಲ್ಲದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಂತೆ ಕಾನೂನು ಬದಲಾದಾಗ ತಂತ್ರಾಂಶವನ್ನು ತಡವಿಲ್ಲದೆ ತಿದ್ದಬೇಕು. ಗಿರಾಕಿಯನ್ನು ಗೆಲ್ಲುವುದಷ್ಟೇ ಸಾಲದು, ಉಳಿಸಿಕೊಳ್ಳಬೇಕು.

ಗಿರಾಕಿಗೂ ಲಾಭನಷ್ಟಗಳೆರಡೂ ಉಂಟು. ಅಲ್ಪ ಹಣದಿಂದ ಆರಂಭಿಸಬಹುದು; ನಗರದ ಅಂಗಡಿಯ ಲೆಕ್ಕವನ್ನು ಕಮಲಾಪುರದಲ್ಲಿ ಕುಳಿತೇ ನೋಡಬಹುದು. ಆದರೆ ಸಂಪರ್ಕ ಕಡಿದರೆ, ಬಾಡಿಗೆ ತಪ್ಪಿದರೆ, ತನ್ನ ಲೆಕ್ಕವೇ ತನಗೆ ಸಿಗದಿರಬಹುದು. ಆದುದರಿಂದ ಪ್ರತಿಯೊಂದನ್ನು ತನ್ನ ಬಳಿ ಇಟ್ಟುಕೊಳ್ಳುವುದು ಜಾಣತನ. ಕಂಪನಿಗಳ ಲೆಕ್ಕದ ಪ್ರತಿಯನ್ನು ಪ್ರತಿದಿನವೂ ಭಾರತದಲ್ಲಿರುವ ಯಂತ್ರಗಳಲ್ಲಿ ಉಳಿಸಬೇಕೆಂದು 2022ರ ನಿಯಮವೂ ವಿಧಿಸಿದೆ.

ಪುಸ್ತಕ ಹೋಗಿ ಯಂತ್ರ ಬಂದಿತು. ಯಂತ್ರವೂ ದೂರ ಸರಿಯಿತು. ಲೆಕ್ಕವನ್ನು ಕಾಯುವವನ ಮೇಲಣ ನಂಬಿಕೆ ಮಾತ್ರ ಎಂದಿನಂತೆ ವ್ಯಾಪಾರದ ತಳಹದಿಯಾಗಿದೆ.

ಅಭ್ಯಾಸ

1. ಇಲ್ಲಿ ‘ಮೋಡ’ ಎಂದರೇನು?
2. ತೋಟದ ಲಾವಣಿಗೂ ತಂತ್ರಾಂಶದ ಬಾಡಿಗೆಗೂ ಇರುವ ಹೋಲಿಕೆಯನ್ನು ವಿವರಿಸಿರಿ.
3. ಲೆಕ್ಕದ ಪ್ರತಿಯನ್ನು ವ್ಯಾಪಾರಿಯು ತನ್ನ ಬಳಿ ಏಕೆ ಇಟ್ಟುಕೊಳ್ಳಬೇಕು?